ಇಬ್ಬರ ಕೈಗೂ ಒಂದೇ ಚುಕ್ಕಾಣಿ



ದಕ್ಷಿಣಕ್ಕೆ ಹೋಗುವುದು ನಿಮಗೆ ಹೊಸದೇನಲ್ಲ. ದೆಹಲಿಯವರು ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ಬೆಂಗಳೂರಿಗೆ ಇಳಿಯುತ್ತೀರಿ. ಮುಂಬಯಿಯವರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುತ್ತೀರಿ. ಪುಣೆಯವರು ರಾತ್ರಿ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಬೆಳಗ್ಗೆ ಹುಬ್ಬಳ್ಳಿಯಲ್ಲಿ ಕಣ್ಣು ಬಿಡುತ್ತೀರಿ. ಬೇಸಿಗೆ ರಜೆ, ಅಜ್ಜಿ ಮನೆ, ಮಾವಿನಹಣ್ಣು, ಆಮೇಲೆ ಮತ್ತೆ ಅದೇ ರೈಲು. ಈ ಸಲ ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ದಕ್ಷಿಣ ಯಾತ್ರೆಯ ವಿಚಾರ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ನೂರಾರು ಪುಟ್ಟ ಹಾಯಿದೋಣಿಗಳು ಉತ್ತರದಿಂದ ದಕ್ಷಿಣಕ್ಕೆ ಹೊರಡುತ್ತವೆ. ಬಹಳಷ್ಟು ದೋಣಿಗಳಲ್ಲಿ ಇರುವುದು ಇಬ್ಬರೇ, ಗಂಡ ಮತ್ತು ಹೆಂಡತಿ. ಕೆಲವರು ನಿವೃತ್ತರು. ಕೆಲವರು ನಿಮಗಿಂತ ಹತ್ತು ವರ್ಷ ದೊಡ್ಡವರು, ಅಷ್ಟೆ. ಅವರ ದಾರಿ ಸಮುದ್ರವಲ್ಲ, ಸಮುದ್ರದ ಪಕ್ಕದ ಒಳನೀರು. ವೇಗ ಸೈಕಲ್ಲಿನದು. ದೂರ ಸಾವಿರ ಮೈಲಿಗಿಂತ ಹೆಚ್ಚು.

ಇದನ್ನು ಬರೀ ಪ್ರವಾಸದ ಕಥೆಯೆಂದು ಓದಿದರೂ ನಷ್ಟವಿಲ್ಲ. ಆದರೆ ಆ ದೋಣಿಯ ಇಬ್ಬರ ಮುಂದೆ ದಿನವೂ ನಿಲ್ಲುವ ಒಂದು ಪ್ರಶ್ನೆ ನಿಮ್ಮ ಮನೆಯ ಬಾಗಿಲಿಗೂ ಬರುವಂಥದು. ಅದನ್ನು ಕೊನೆಯಲ್ಲಿ ಕೇಳುತ್ತೇನೆ. ಮೊದಲು ದಾರಿ ನೋಡೋಣ.

ಈ ದಾರಿಯ ಹೆಸರು ಅಟ್ಲಾಂಟಿಕ್ ಇಂಟ್ರಾಕೋಸ್ಟಲ್ ವಾಟರ್‌ವೇ. ಕನ್ನಡದಲ್ಲಿ ನಾವು 'ಕರಾವಳಿಯ ಒಳದಾರಿ' ಎನ್ನೋಣ. ವರ್ಜೀನಿಯಾ ರಾಜ್ಯದ ನಾರ್ಫಕ್ ಬಂದರಿನಲ್ಲಿ ಅದರ ಸೊನ್ನೆಯ ಮೈಲಿ. ಅಲ್ಲಿಂದ ಉತ್ತರ ಕ್ಯಾರೊಲೈನಾ, ದಕ್ಷಿಣ ಕ್ಯಾರೊಲೈನಾ, ಜಾರ್ಜಿಯಾ ದಾಟಿ ಫ್ಲಾರಿಡಾದ ಮಯಾಮಿಗೆ ಸುಮಾರು 1,090 ಮೈಲಿ, ಎಂದರೆ 1,750 ಕಿಲೋಮೀಟರಿನಷ್ಟು. ಅಟ್ಲಾಂಟಿಕ್ ಸಾಗರದ ಆ ಅಂಚಿನಲ್ಲಿ ಉದ್ದಕ್ಕೂ ಸಪೂರವಾದ ಮರಳಿನ ದ್ವೀಪಗಳಿವೆ. ದ್ವೀಪದ ಆಚೆ ಮಹಾಸಾಗರ, ಈಚೆ ಶಾಂತವಾದ ಹಿನ್ನೀರು. ಹಿನ್ನೀರು, ನದಿ, ಕೊಲ್ಲಿ ಇವುಗಳನ್ನು ನಡುನಡುವೆ ಮನುಷ್ಯರು ಅಗೆದ ಕಾಲುವೆಗಳಿಂದ ಪೋಣಿಸಿದರೆ ಈ ಒಳದಾರಿ ಆಗುತ್ತದೆ.

ಹೊರಗೆ ಸಮುದ್ರ ಇದ್ದ ಮೇಲೆ ಒಳದಾರಿ ಏಕೆ ಬೇಕು? ನಾರ್ಫಕ್‌ನಿಂದ ಸ್ವಲ್ಪ ದಕ್ಷಿಣಕ್ಕೆ ಹ್ಯಾಟರಸ್ ಎಂಬ ಭೂಶಿರವಿದೆ. ಬಿಸಿನೀರಿನ ಪ್ರವಾಹ, ತಣ್ಣೀರಿನ ಪ್ರವಾಹ, ಜಾಗ ಬದಲಿಸುತ್ತಲೇ ಇರುವ ಮರಳದಿಬ್ಬಗಳು ಸೇರಿ ಅಲ್ಲಿ ಮುಳುಗಿಸಿದ ಹಡಗುಗಳಿಗೆ ಲೆಕ್ಕವಿಲ್ಲ. 'ಅಟ್ಲಾಂಟಿಕ್‌ನ ಸ್ಮಶಾನ' ಎಂದೇ ಆ ಜಾಗಕ್ಕೆ ಹೆಸರು. 1808ರಲ್ಲಿಯೇ ಅಮೆರಿಕದ ಖಜಾನೆ ಕಾರ್ಯದರ್ಶಿ ಆಲ್ಬರ್ಟ್ ಗ್ಯಾಲಟಿನ್, ರಸ್ತೆ ಕಾಲುವೆಗಳ ಬಗ್ಗೆ ಕೊಟ್ಟ ವರದಿಯಲ್ಲಿ ಕರಾವಳಿಗೆ ಒಂದು ಒಳದಾರಿ ಬೇಕೆಂದು ಸೂಚಿಸಿದ್ದ. ತುಂಡು ತುಂಡಾಗಿ ಕೆಲಸ ನಡೆಯಿತು. 1942ರಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಇದೇ ಕರಾವಳಿಯ ಹೊರಗೆ ಹಡಗಿನ ಮೇಲೆ ಹಡಗು ಮುಳುಗಿಸಿದಾಗ ಒಳದಾರಿಯ ಬೆಲೆ ಎಲ್ಲರಿಗೂ ತಿಳಿಯಿತು. ಇಂದಿಗೂ ಅದರ ಹೂಳೆತ್ತುವುದು ಅಲ್ಲಿನ ಸೈನ್ಯದ ಇಂಜಿನಿಯರುಗಳ ಹೊಣೆ.

ಚೆನ್ನೈ ಓದುಗರಿಗೆ ಇದು ತೀರ ಅಪರಿಚಿತವಲ್ಲ. ನೀವು ದಿನವೂ ಮೂಗು ಮುಚ್ಚಿಕೊಂಡು ದಾಟುವ ಬಕಿಂಗ್‌ಹ್ಯಾಮ್ ಕಾಲುವೆ ಇದೇ ಜಾತಿಯದು. ಅದೂ ಸಮುದ್ರಕ್ಕೆ ಸಮಾನಾಂತರವಾಗಿ ಆಂಧ್ರದಿಂದ ದಕ್ಷಿಣಕ್ಕೆ ಇಳಿದುಬರುವ ಉಪ್ಪುನೀರಿನ ದಾರಿ. 1806ರಲ್ಲಿ ಶುರುವಾಯಿತು. ನಗರದೊಳಗೆ ಕೂವಂ ಮತ್ತು ಅಡ್ಯಾರ್ ನದಿಗಳನ್ನು ಕೂಡಿಸುವ ಭಾಗವನ್ನು 1877-78ರಲ್ಲಿ, ಮಹಾ ಬರಗಾಲದ ಪರಿಹಾರ ಕಾಮಗಾರಿಯಾಗಿ ಅಗೆಸಿದರು. ನಮ್ಮ ಮೈಸೂರು ಸೀಮೆಯನ್ನೂ ಖಾಲಿ ಮಾಡಿದ ಬರ ಅದೇ. ಒಂದು ಕಾಲಕ್ಕೆ ಉಪ್ಪು, ಸೌದೆ, ಅಕ್ಕಿ ಹೊತ್ತ ದೋಣಿಗಳು ಓಡಾಡಿದ ನೀರಿನ ಮೇಲೆ ಈಗ ರೈಲಿನ ಕಂಬಗಳು ನಿಂತಿವೆ. ಅಮೆರಿಕದವರು ತಮ್ಮ ಕಾಲುವೆಯನ್ನು ಉಳಿಸಿಕೊಂಡರು. ಅದರಿಂದಲೇ ಇಂದು ಒಬ್ಬ ಸಾಮಾನ್ಯ ಗೃಹಸ್ಥ ತನ್ನ ಹೆಂಡತಿಯ ಜೊತೆ ಅದರಲ್ಲಿ ದಕ್ಷಿಣಕ್ಕೆ ಹೋಗಬಲ್ಲ.

ಹೊರಡುವುದಕ್ಕೂ ಮುಹೂರ್ತವಿದೆ. ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ತೀರ ಬೇಗ ದಕ್ಷಿಣಕ್ಕೆ ಹೋದರೆ ಬಿರುಗಾಳಿಗೆ ಎದುರಾಗಬೇಕು. ಅದಕ್ಕೇ ಎಷ್ಟೋ ವಿಮಾ ಕಂಪನಿಗಳು ಇಂಥ ತಾರೀಖಿನವರೆಗೆ ಇಂಥ ಗೆರೆಯಿಂದ ಕೆಳಗೆ ಇಳಿಯಬಾರದೆಂದು ಷರತ್ತು ಹಾಕುತ್ತವೆ. ತೀರ ತಡವಾದರೆ ಉತ್ತರದ ಚಳಿ ಕೈ ಕೊರೆಯುತ್ತದೆ. ಹೀಗಾಗಿ ಅಕ್ಟೋಬರ್, ನವೆಂಬರ್‌ನಲ್ಲಿ ದೋಣಿಗಳ ಸಾಲು. ಅದೇ ಹೊತ್ತಿಗೆ ಉತ್ತರ ಧ್ರುವದ ಕಡೆಯ ಹಂಸಗಳೂ ಹಿಮದ ಬಾತುಗಳೂ ಚಳಿ ಕಳೆಯಲು ಕ್ಯಾರೊಲೈನಾದ ಸರೋವರಗಳಿಗೆ ಬಂದಿಳಿಯುತ್ತವೆ. ಈ ದೋಣಿಯವರಿಗೂ ಅಲ್ಲಿನ ಜನ ಇಟ್ಟಿರುವ ಹೆಸರು 'ಹಿಮಪಕ್ಷಿಗಳು'.

ದೋಣಿ ಮೂವತ್ತರಿಂದ ನಲವತ್ತು ಅಡಿ ಉದ್ದದ್ದು ಎಂದಿಟ್ಟುಕೊಳ್ಳಿ. ಒಳಗೆ ಒಂದು ಒಲೆ, ಎರಡು ಮಂಚ, ನೀರಿನ ಟ್ಯಾಂಕು, ಅಡಿ ಎತ್ತರದ ಕಪಾಟುಗಳು. ಮುಂಬಯಿಯ ಚಾಳಿನ ಕೋಣೆಯಲ್ಲಿ ಬೆಳೆದವರಿಗೆ ಈ ಅಳತೆ ಬಿಡಿಸಿ ಹೇಳಬೇಕಿಲ್ಲ. ದೋಣಿಯ ತಳಕ್ಕೆ ಕೀಲ್ ಎಂಬ ಭಾರದ ಲೋಹದ ರೆಕ್ಕೆ ಇರುತ್ತದೆ. ಗಾಳಿಗೆ ದೋಣಿ ಮಗುಚದಂತೆ ಹಿಡಿಯುವುದು ಅದೇ. ಯಜಮಾನರಿಬ್ಬರೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬೇಕಾದ ಎರಡು ಅಂಕಿಗಳಿವೆ. ಒಂದು, ನೀರಿನೊಳಗೆ ದೋಣಿ ಎಷ್ಟು ಇಳಿದಿದೆ ಎಂಬುದು. ನಾಲ್ಕರಿಂದ ಆರು ಅಡಿ. ಎರಡು, ನೀರಿನ ಮೇಲೆ ಹಾಯಿಕಂಬ ಎಷ್ಟು ಎತ್ತರವಿದೆ ಎಂಬುದು. ಈ ದಾರಿಯ ಸ್ಥಿರ ಸೇತುವೆಗಳನ್ನು ಉಬ್ಬರದ ನೀರಿನಿಂದ 65 ಅಡಿ ಎತ್ತರಕ್ಕೆ ಕಟ್ಟುವುದು ರೂಢಿ. ಮಯಾಮಿಯ ಜೂಲಿಯಾ ಟಟಲ್ ಸೇತುವೆ ಮಾತ್ರ 56 ಅಡಿ. ಕಂಬ ಅದಕ್ಕಿಂತ ಎತ್ತರವಿದ್ದರೆ ಅಲ್ಲಿಗೆ ಮುಂಚೆಯೇ ಸಮುದ್ರಕ್ಕೆ ಇಳಿದು ಸುತ್ತಿಬರಬೇಕು. ತೆರೆಯುವ ಸೇತುವೆಗಳೂ ಹಲವು ಇವೆ. ರೇಡಿಯೋದಲ್ಲಿ ಸೇತುವೆಯವರನ್ನು ಕರೆದು, ದೋಣಿಯ ಹೆಸರು ಹೇಳಿ, ದಕ್ಷಿಣಕ್ಕೆ ಹೋಗುತ್ತಿದ್ದೇವೆ, ದಯವಿಟ್ಟು ತೆರೆಯಿರಿ ಎನ್ನಬೇಕು. ರಸ್ತೆಯ ಮೇಲೆ ಕಾರು ಲಾರಿಗಳೆಲ್ಲ ನಿಲ್ಲುತ್ತವೆ. ಸೇತುವೆ ಬಾಯಿ ಬಿಡುತ್ತದೆ. ಗಂಟೆಗೆ ಹತ್ತು ಕಿಲೋಮೀಟರಿನ ಪುಟ್ಟ ದೋಣಿ ರಾಜಗಾಂಭೀರ್ಯದಿಂದ ದಾಟುತ್ತದೆ. ದಾಟಿದ ಮೇಲೆ ರೇಡಿಯೋದಲ್ಲಿ ಒಂದು ಧನ್ಯವಾದ ಹೇಳುವುದು ಅಲ್ಲಿನ ಮರ್ಯಾದೆ.

ಹಾಯಿದೋಣಿ ಎಂದ ಮೇಲೆ ಹಾಯಿ ಬಿಚ್ಚಿ ಹೋಗುತ್ತಾರೆಂದು ನೀವು ಎಣಿಸಿದ್ದರೆ ಸ್ವಲ್ಪ ನಿರಾಶೆಯಾದೀತು. ಕಾಲುವೆ ಕಿರಿದು, ತಿರುವು ಬಹಳ. ದಾರಿಯ ಬಹುಪಾಲು ಇಂಜಿನ್ನಿನ ಮೇಲೆಯೇ. ಅಗಲವಾದ ಕೊಲ್ಲಿ ಸಿಕ್ಕು, ಬೆನ್ನ ಹಿಂದೆ ಉತ್ತರದ ಗಾಳಿ ಎದ್ದರೆ ಮಾತ್ರ ಹಾಯಿ ಬಿಚ್ಚುತ್ತಾರೆ. ಇಂಜಿನ್ ನಿಲ್ಲಿಸಿದ ಆ ನಿಶ್ಶಬ್ದಕ್ಕಾಗಿ ಎರಡು ದಿನ ಕಾಯುವುದುಂಟು. ದಿನಕ್ಕೆ ಎಂಟು ಗಂಟೆ ನಡೆಸಿದರೆ ಐವತ್ತು ಮೈಲಿ ಸಾಗುತ್ತದೆ. ಲೆಕ್ಕಕ್ಕೆ ಇಪ್ಪತ್ತೆರಡು ದಿನದ ದಾರಿ. ಆದರೆ ಗಾಳಿ, ಮಳೆ, ಮಂಜು, ದುರಸ್ತಿ ಎಲ್ಲ ಸೇರಿ ಒಂದೂವರೆ ತಿಂಗಳಾದರೂ ಯಾರೂ ಆಶ್ಚರ್ಯಪಡುವುದಿಲ್ಲ. ಚಳಿಗಾಲದ ಹಗಲು ಗಿಡ್ಡ. ರಾತ್ರಿ ಓಡಿಸುವುದು ಜಾಣತನವಲ್ಲ. ದೀಪವಿಲ್ಲದ ಕಂಬಗಳು, ಏಡಿ ಹಿಡಿಯುವ ಬುಟ್ಟಿಗಳ ತೇಲುಬೆಂಡುಗಳು ಕಣ್ಣಿಗೆ ಬೀಳುವುದಿಲ್ಲ. ಬೆಂಡಿನ ಹಗ್ಗ ಪ್ರೊಪೆಲರಿಗೆ ಸುತ್ತಿಕೊಂಡರೆ ಇಂಜಿನ್ ಅಲ್ಲಿಗೆ ನಿಂತಿತು.

ಇನ್ನು ದಾರಿ ಓದುವ ವಿದ್ಯೆ. ನೀರು ಮೈಲಿ ಅಗಲ ಕಂಡರೂ ಆಳ ಇರುವುದು ನಡುವಿನ ಒಂದು ಓಣಿಯಲ್ಲಿ ಮಾತ್ರ. ಓಣಿಯ ಎರಡು ಬದಿಗೆ ಗುರುತುಕಂಬಗಳಿವೆ. ದಕ್ಷಿಣಕ್ಕೆ ಹೋಗುವವರಿಗೆ ಕೆಂಪು ತ್ರಿಕೋನ ಬಲಕ್ಕೆ, ಹಸಿರು ಚೌಕ ಎಡಕ್ಕೆ. ಆದರೆ ಒಳದಾರಿಗೆ ಒಂದು ದೊಡ್ಡ ನದಿಯೋ ಬಂದರೋ ಅಡ್ಡ ಬಂದಾಗ ಆ ಬಂದರಿನ ಗುರುತುಗಳು ಬೇರೆ ಲೆಕ್ಕದಲ್ಲಿರುತ್ತವೆ, ಬಣ್ಣ ಅದಲುಬದಲಾಗುತ್ತದೆ. ಅದಕ್ಕಾಗಿ ಕಂಬದ ಮೇಲೆ ಒಂದು ಪುಟ್ಟ ಹಳದಿ ಗುರುತನ್ನೂ ಹಚ್ಚಿರುತ್ತಾರೆ. ಹಳದಿ ತ್ರಿಕೋನ ಯಾವಾಗಲೂ ಬಲಕ್ಕೆ, ಹಳದಿ ಚೌಕ ಯಾವಾಗಲೂ ಎಡಕ್ಕೆ.

ನಕ್ಷೆಯಲ್ಲಿ ಈ ದಾರಿಯ ಉದ್ದಕ್ಕೂ ನೇರಳೆಗೆಂಪಿನ ಒಂದು ಗೆರೆ ಎಳೆದಿರುತ್ತದೆ. ಆ ಗೆರೆಯನ್ನೇ ನಂಬಿ ಹೋಗಿ ಎಷ್ಟೋ ದೋಣಿಗಳು ಕೆಸರಿನಲ್ಲಿ ಕೂತಿವೆ. ಮರಳು ಪ್ರತಿ ವರ್ಷ ಜಾಗ ಬದಲಿಸುತ್ತದೆ, ಗೆರೆ ಬದಲಿಸುವುದಿಲ್ಲ. 2013ರಲ್ಲಿ ನಕ್ಷೆ ಇಲಾಖೆ ಈ ಗೆರೆಯನ್ನು ತೆಗೆದೇಬಿಡುತ್ತೇವೆ ಎಂದಿತು. ದೋಣಿಯವರು ಬೇಡವೆಂದರು. ಕೊನೆಗೆ, ಇದು ದಿಕ್ಕು ತೋರಲು ಮಾತ್ರ, ಆಳಕ್ಕೆ ಖಾತರಿಯಲ್ಲ ಎಂಬ ಎಚ್ಚರಿಕೆಯೊಂದಿಗೆ ಗೆರೆ ಉಳಿಯಿತು. ಈಗ ಉಪಗ್ರಹ ನೋಡಿ ಜಾಗ ಹೇಳುವ ಪರದೆ ಪ್ರತಿ ದೋಣಿಯಲ್ಲೂ ಇದೆ. ಆದರೂ ಅನುಭವಸ್ಥರ ಕಣ್ಣು ಪರದೆಯ ಮೇಲಿಗಿಂತ ನೀರಿನ ಮೇಲೆ, ಆಳ ತೋರಿಸುವ ಮೀಟರಿನ ಮೇಲೆ ಹೆಚ್ಚು.

ಸರಿ, ಹೊರಡೋಣ. ನಾರ್ಫಕ್ ಬಿಟ್ಟ ಕೂಡಲೇ ದಾರಿ ಎರಡಾಗುತ್ತದೆ. ಒಂದು ಅಗಲವಾದ ಹೊಸ ಕಾಲುವೆ. ಇನ್ನೊಂದು ಡಿಸ್ಮಲ್ ಸ್ವಾಂಪ್ ಎಂಬ ದೊಡ್ಡ ಜೌಗುಕಾಡಿನ ನಡುವೆ ಬಾಣದಂತೆ ನೇರವಾದ ಹಳೆಯ ಕಾಲುವೆ, 22 ಮೈಲಿ ಉದ್ದ. 1793ರಲ್ಲಿ ಅಗೆಯಲು ತೊಡಗಿ 1805ರಲ್ಲಿ ತೆರೆದರು. ದುರಸ್ತಿಗೆಂದು ಆಗಾಗ ಮುಚ್ಚಿರುತ್ತದೆ. 2016ರ ಮ್ಯಾಥ್ಯೂ ಚಂಡಮಾರುತದ ನಂತರ ತೆರೆಯಲು ಒಂದು ವರ್ಷವೇ ಬೇಕಾಯಿತು. ಎರಡು ತುದಿಗೂ ಲಾಕ್ ಎಂಬ ನೀರಿನ ಕೊಠಡಿಗಳಿವೆ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಹಾಕಿ ನೀರು ತುಂಬುತ್ತಾರೆ, ದೋಣಿ ಎಂಟು ಅಡಿ ಮೇಲೇರುತ್ತದೆ. ಇನ್ನೊಂದು ತುದಿಯಲ್ಲಿ ಅಷ್ಟೇ ಇಳಿಸುತ್ತಾರೆ. ಏರುವಾಗಲೂ ಇಳಿಯುವಾಗಲೂ ಮುಂದೆ ಒಬ್ಬರು, ಹಿಂದೆ ಒಬ್ಬರು ಹಗ್ಗ ಹಿಡಿದು ಬಿಗಿ ಸಡಿಲ ಮಾಡುತ್ತಿರಬೇಕು. ಇಬ್ಬರಲ್ಲಿ ಒಬ್ಬರು ಮೈಮರೆತರೆ ದೋಣಿ ಗೋಡೆಗೆ ಹೊಡೆಯುತ್ತದೆ. ಎಲೆ ತೊಗಟೆಗಳ ರಸ ಇಳಿದು ಅಲ್ಲಿನ ನೀರಿಗೆ ನಮ್ಮ ಕಾಫಿ ಡಿಕಾಕ್ಷನ್ನಿನ ಬಣ್ಣ. ನಾಲ್ಕು ದಿನದಲ್ಲಿ ಬಿಳಿ ದೋಣಿಯ ಮೂತಿಗೆ ಕಂದು ಮೀಸೆ ಮೂಡುತ್ತದೆ. ಒಳದಾರಿಯಲ್ಲಿ ಬಂದ ದೋಣಿಯನ್ನು ಈ ಮೀಸೆ ನೋಡಿಯೇ ಗುರುತಿಸುತ್ತಾರೆ.

ಈ ಕಾಲುವೆಯನ್ನು ಅಗೆದವರು ಗುಲಾಮರು. ಸೊಂಟದ ಮಟ್ಟದ ಕೆಸರಿನಲ್ಲಿ ನಿಂತು, ಕೈಯಲ್ಲಿ ಅಗೆದರು. ಇದೇ ನೀರಿನಲ್ಲಿ ಸರಕಿನ ದೋಣಿ ನಡೆಸಿದ ಮೋಸೆಸ್ ಗ್ರ್ಯಾಂಡಿ ಎಂಬ ಗುಲಾಮನ ಆತ್ಮಕಥೆ 1843ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮದುವೆಯಾಗಿ ಎಂಟು ತಿಂಗಳಾಗಿತ್ತು. ಒಂದು ದಿನ ಅವನು ಕೆಲಸದಲ್ಲಿದ್ದಾಗ ಮಾರಾಟವಾದ ಗುಲಾಮರ ಗುಂಪೊಂದನ್ನು ದಾರಿಯಲ್ಲಿ ಒಯ್ಯುತ್ತಿದ್ದರು. ಅದರಲ್ಲಿ ಅವನ ಹೆಂಡತಿಯಿದ್ದಳು. ಅವಳನ್ನು ಅವನು ಮತ್ತೆಂದೂ ನೋಡಲಿಲ್ಲ. ಅವನು ಕಾಸಿಗೆ ಕಾಸು ಕೂಡಿಸಿ ತನ್ನ ಬಿಡುಗಡೆಯ ಬೆಲೆ ಕಟ್ಟಿದ. ಒಡೆಯ ಹಣ ನುಂಗಿ ಅವನನ್ನು ಬೇರೆಯವನಿಗೆ ಮಾರಿದ. ಎರಡನೆಯ ಸಲವೂ ಮೋಸವಾಯಿತು. ಮೂರನೆಯ ಸಲ ಕಟ್ಟಿದ ಮೇಲೆ ಬಿಡುಗಡೆಯಾಯಿತು. ಇಂದು ಗಂಡ ಹೆಂಡತಿ ಇಬ್ಬರು ತಮ್ಮ ಇಷ್ಟದಂತೆ, ತಮಗೆ ಬೇಕಾದಷ್ಟು ನಿಧಾನವಾಗಿ ಅದೇ ನೀರಿನಲ್ಲಿ ಹೋಗುತ್ತಾರೆ. ಒಟ್ಟಿಗೆ ಇರುವುದು ಕೂಡ ಎಲ್ಲ ಕಾಲಕ್ಕೂ ಎಲ್ಲರಿಗೂ ಸಿಕ್ಕ ಭಾಗ್ಯವಲ್ಲ ಎಂಬುದನ್ನು ಅಲ್ಲಿ ಹೋಗುವವರು ನೆನೆಯಬೇಕು, ಓದುವ ನಾವೂ ನೆನೆಯಬೇಕು.

ಕಾಲುವೆ ಮುಗಿದು ನದಿ ಸಿಕ್ಕಿದಾಗ ಎಲಿಜಬೆತ್ ಸಿಟಿ ಎಂಬ ಊರು. 1983ರಲ್ಲಿ ಅಲ್ಲಿನ ಇಬ್ಬರು ಗೆಳೆಯರು, ಜೋ ಕ್ರೇಮರ್ ಮತ್ತು ಫ್ರೆಡ್ ಫಿಯರಿಂಗ್, ಊರ ಕಟ್ಟೆಗೆ ಬಂದು ನಿಂತ ದೋಣಿಗಳ ಹೆಂಗಸರಿಗೆ ತಮ್ಮ ತೋಟದ ಗುಲಾಬಿ ಕೊಟ್ಟು ಸ್ವಾಗತಿಸಿದರು. ಅದೇ ಪದ್ಧತಿಯಾಯಿತು, ಊರಿಗೆ ಆತಿಥ್ಯದ ಹೆಸರು ಬಂತು. ಫಿಯರಿಂಗ್ ನಿವೃತ್ತ ಅಂಚೆಪೇದೆ. ದೊಡ್ಡ ಹಣವೂ ಇಲ್ಲ, ಅಧಿಕಾರವೂ ಇಲ್ಲ. ಹೊಸದಾಗಿ ಊರಿಗೆ ಬಂದವರನ್ನು ಕಟ್ಟೆಯ ಮೇಲೆ ನಿಂತು ಮಾತನಾಡಿಸಿದರು, ಅಷ್ಟೆ. ನಮ್ಮ ಸಂಘಗಳೂ ಹಾಗೆಯೇ ಹುಟ್ಟಿದವಲ್ಲವೇ? ಸ್ಟೇಷನ್ನಿನಲ್ಲಿ ಟ್ರಂಕು ಹಿಡಿದು ಇಳಿದ ಹುಡುಗನನ್ನು ಯಾರೋ ಒಬ್ಬರು ಕನ್ನಡದಲ್ಲಿ ಮಾತನಾಡಿಸಿದ್ದರಿಂದ?

ಮುಂದೆ ಆಲ್ಬಮಾರ್ಲ್ ಎಂಬ ಅಗಲ ಕೊಲ್ಲಿ. ನೀರು ಆಳವಿಲ್ಲದ್ದರಿಂದ ಗಾಳಿ ಎದ್ದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೆ ಒಂದು ಬಡಿಯುತ್ತವೆ. ದಾಟುವ ದಿನವನ್ನು ಆರಿಸಿಕೊಳ್ಳಬೇಕು. ನಾಳೆ ಎನ್ನುವುದಕ್ಕೆ ನಾಚಬಾರದು. ಇನ್ನೂ ಕೆಳಗೆ ನೌಕಾಸೈನಿಕರ ಲೆಜೂನ್ ಶಿಬಿರವಿದೆ. ಅವರು ಗುಂಡಿನ ಅಭ್ಯಾಸ ಮಾಡುವಾಗ ದಾರಿ ಬಂದ್. ದೋಣಿಗಳು ಗಂಟೆಗಟ್ಟಲೆ ಕಾಯುತ್ತವೆ. ದಕ್ಷಿಣ ಕ್ಯಾರೊಲೈನಾದ ವಾಕಮಾ ನದಿ ಈ ದಾರಿಯ ಅತಿ ಸುಂದರ ಭಾಗವೆಂದು ಹಲವರ ಮಾತು. ನೀರಿನಲ್ಲೇ ಬುಡ ಊರಿದ ಸೈಪ್ರಸ್ ಮರಗಳು, ಕೊಂಬೆಯಿಂದ ಇಳಿಬಿದ್ದ ಬೂದುಬಣ್ಣದ ಜಡೆಗಳು. ಕೆಳಗೆ ಜಾರ್ಜ್‌ಟೌನ್ ಹತ್ತಿರ ಒಂದು ಕಾಲದ ಭತ್ತದ ಗದ್ದೆಗಳಿವೆ. ಉಬ್ಬರದಲ್ಲಿ ನದಿ ಏರಿದಾಗ ತೂಬು ತೆರೆದು ನೀರು ಬಿಟ್ಟುಕೊಂಡು, ಇಳಿತದಲ್ಲಿ ಹೊರಗೆ ಬಿಡುತ್ತಿದ್ದರು. ಆ ಬೇಸಾಯ ಬಲ್ಲವರಾಗಿದ್ದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಲಾಭ ಮಾತ್ರ ಒಡೆಯರದು.

ಜಾರ್ಜಿಯಾದಲ್ಲಿ ಸಮುದ್ರದ ಏರಿಳಿತ ಏಳರಿಂದ ಒಂಬತ್ತು ಅಡಿ. ಕರಾವಳಿ ನೂರು ಮೈಲಿ, ಒಳದಾರಿ ಮಾತ್ರ ಹಾವಿನಂತೆ ಸುತ್ತಿ ಸುಮಾರು ನೂರನಲವತ್ತು. ಬೆಳಗ್ಗೆ ಹಾಯಾಗಿ ತೇಲಿದ ಜಾಗದಲ್ಲಿ ಮಧ್ಯಾಹ್ನ ಕೆಸರು. ಏರುವ ನೀರಿನಲ್ಲಿ ತಳ ತಾಗಿದರೆ ಚಹಾ ಕಾಯಿಸಿ ಕುಡಿಯಿರಿ, ನೀರೇ ಎತ್ತಿಕೊಳ್ಳುತ್ತದೆ. ತುಂಬು ಉಬ್ಬರದ ಹೊತ್ತಿನಲ್ಲಿ ತಾಗಿದರೆ ಕಷ್ಟ. ನೀರು ಇಳಿದು ದೋಣಿ ಪಕ್ಕಕ್ಕೆ ಒರಗುತ್ತದೆ, ಅರ್ಧ ದಿನ ಹಾಗೇ ಕಾಯಬೇಕು.

ಆಮೇಲೆ ಫ್ಲಾರಿಡಾ. 1565ರಲ್ಲಿ ಸ್ಪೇನಿನವರು ಕಟ್ಟಿದ ಸೇಂಟ್ ಆಗಸ್ಟೀನ್. ಅಲ್ಲಿಂದ ಕೆಳಗೆ ಹೆಜ್ಜಾರ್ಲೆಗಳೂ ಡಾಲ್ಫಿನ್‌ಗಳೂ ದೋಣಿಯ ಜೊತೆ ಬರುತ್ತವೆ. ಮ್ಯಾನಟೀ ಎಂಬ ಎಮ್ಮೆಗಾತ್ರದ ಸಾಧುಪ್ರಾಣಿಗೆ ಪೆಟ್ಟಾಗದಂತೆ ಎಷ್ಟೋ ಕಡೆ ನಿಧಾನವಾಗಿ ಹೋಗಬೇಕೆಂಬ ಫಲಕಗಳು. ಟೈಟಸ್‌ವಿಲ್ ಹತ್ತಿರ ಲಂಗರು ಹಾಕಿದರೆ ನೀರಿನಾಚೆ ಕೆನಡಿ ಬಾಹ್ಯಾಕಾಶ ಕೇಂದ್ರದ ಭಾರೀ ಕಟ್ಟಡ ಕಾಣುತ್ತದೆ. ಸೈಕಲ್ಲಿನ ವೇಗದಲ್ಲಿ ಬಂದವರು ದೋಣಿಯ ಮೇಲೆ ಕೂತು ರಾಕೆಟ್ ಹಾರುವುದನ್ನು ನೋಡುತ್ತಾರೆ. ಕೊನೆಗೆ ಎರಡು ಕಡೆಯೂ ಗಗನಚುಂಬಿಗಳು, ಸೇತುವೆಯ ಮೇಲೆ ಸೇತುವೆ, ಮಯಾಮಿ.

ದಾರಿ ಮುಗಿಯಿತು. ಈಗ ಆ ಇಬ್ಬರ ವಿಚಾರ.

ಸಂಜೆ ನಾಲ್ಕಕ್ಕೆ ಲಂಗರು ಹಾಕುವ ಹೊತ್ತನ್ನು ತೆಗೆದುಕೊಳ್ಳಿ. ಒಬ್ಬರು ಹಿಂದೆ ಚುಕ್ಕಾಣಿ ಹಿಡಿದಿರುತ್ತಾರೆ, ಇನ್ನೊಬ್ಬರು ಮೂತಿಯ ಮೇಲೆ ಲಂಗರಿನ ಹತ್ತಿರ. ನಡುವೆ ಮೂವತ್ತು ಅಡಿ, ಇಂಜಿನ್ನಿನ ಸದ್ದು, ಗಾಳಿ. ಎಷ್ಟು ಸರಪಳಿ ಬಿಡಬೇಕು? ನೀರಿನ ಆಳ ಹತ್ತು ಅಡಿ, ನೀರಿನಿಂದ ಮೂತಿಗೆ ನಾಲ್ಕು ಅಡಿ, ಒಟ್ಟು ಹದಿನಾಲ್ಕು. ಅದರ ಐದರಿಂದ ಏಳು ಪಟ್ಟು ಬಿಡಬೇಕು. ಎಪ್ಪತ್ತರಿಂದ ತೊಂಬತ್ತೆಂಟು ಅಡಿ. ರಾತ್ರಿ ನೀರು ಎಂಟು ಅಡಿ ಏರುವ ಜಾರ್ಜಿಯಾ ಆದರೆ ಆ ಎಂಟನ್ನೂ ಮೊದಲೇ ಕೂಡಿಸಿಕೊಳ್ಳಬೇಕು. ಈ ಲೆಕ್ಕ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಕೂಗಾಟ ಶುರು. ಬೇರೆ ದೋಣಿಯವರಿಗೆ ಪುಕ್ಕಟೆ ನಾಟಕ. ಬಲ್ಲವರು ಮೊದಲೇ ಕೈಸನ್ನೆಗಳನ್ನು ಗೊತ್ತುಮಾಡಿಕೊಂಡಿರುತ್ತಾರೆ: ಮುಂದೆ, ಹಿಂದೆ, ನಿಲ್ಲಿಸು, ಸಾಕು. ಕೆಲವರು ಕಿವಿಗೆ ಹಾಕಿಕೊಳ್ಳುವ ನಿಸ್ತಂತು ಮಾತಿನ ಯಂತ್ರ ಕೊಳ್ಳುತ್ತಾರೆ. ಅದಕ್ಕೆ ದೋಣಿಯವರು ಇಟ್ಟ ಅಡ್ಡಹೆಸರು 'ಸಂಸಾರ ಉಳಿಸುವ ಯಂತ್ರ'.

ಇಲ್ಲಿ ಒಂದು ತಮಾಷೆಯಿದೆ. ಬಹಳ ದೋಣಿಗಳಲ್ಲಿ ಗಂಡ ಚುಕ್ಕಾಣಿಯಲ್ಲಿ, ಹೆಂಡತಿ ಲಂಗರಿನಲ್ಲಿ. ಯೋಚಿಸಿದರೆ ಇದು ತಿರುಗುಮುರುಗು. ಚುಕ್ಕಾಣಿಗೆ ತೋಳಬಲ ಬೇಕಿಲ್ಲ, ಗಮನ ಬೇಕು. ತೋಳಬಲ ಬೇಕಾದದ್ದು ಕೆಸರಿನಿಂದ ಲಂಗರು ಎತ್ತುವುದಕ್ಕೆ. ಹಾಗಿದ್ದರೂ 'ಯಜಮಾನ ಚಕ್ರ ಹಿಡಿಯಬೇಕು' ಎಂಬುದು ಅಲ್ಲಿಯೂ ರೂಢಿ. ಅನುಭವಿಗಳು ಹೇಳುವ ಬುದ್ಧಿಮಾತು, ಅದಲುಬದಲು ಮಾಡಿಕೊಳ್ಳಿ ಎಂಬುದು.

ಇದು ಬರೀ ಅನುಕೂಲದ ಮಾತಲ್ಲ. ಇಬ್ಬರಲ್ಲಿ ಒಬ್ಬರು ನೀರಿಗೆ ಬಿದ್ದರೆ ಏನಾಗುತ್ತದೆ, ನೋಡಿ. ನವೆಂಬರ್ ತಿಂಗಳ ತಣ್ಣೀರು. ಬಿದ್ದವರ ಕೈಕಾಲು ಸ್ವಲ್ಪ ಹೊತ್ತಿನಲ್ಲೇ ಮರಗಟ್ಟುತ್ತದೆ. ದೋಣಿಯಲ್ಲಿ ಉಳಿದವರು ಒಬ್ಬರೇ. ಆ ಒಬ್ಬರೇ ತೇಲುವ ಉಂಗುರ ಎಸೆಯಬೇಕು, ಬಿದ್ದವರ ತಲೆಯಿಂದ ಕಣ್ಣು ಕೀಳಬಾರದು, ಜಾಗ ಗುರುತಿಸುವ ಗುಂಡಿ ಒತ್ತಬೇಕು, ದೋಣಿ ತಿರುಗಿಸಬೇಕು, ರೇಡಿಯೋದ 16ನೆಯ ಚಾನೆಲ್ಲಿನಲ್ಲಿ ಸಹಾಯ ಕೇಳಬೇಕು, ಹತ್ತಿರ ಬಂದಾಗ ಪ್ರೊಪೆಲರ್ ತಿರುಗದಂತೆ ಗೇರು ತೆಗೆಯಬೇಕು, ನೆನೆದ ಬಟ್ಟೆಯ ದೇಹವನ್ನು ಏಣಿಯ ಮೇಲೆ ಎಳೆದುಕೊಳ್ಳಬೇಕು. ದೋಣಿ ನಡೆಸಬಲ್ಲವರೇ ಬಿದ್ದು, ಉಳಿದವರಿಗೆ ಇಂಜಿನ್ ತಿರುಗಿಸುವುದೂ ಗೊತ್ತಿಲ್ಲದಿದ್ದರೆ? ಕಣ್ಣೆದುರೇ ದೋಣಿ ದೂರ ಸಾಗುತ್ತಿರುತ್ತದೆ. ಅದಕ್ಕೇ ಇಂಥ ಯಾತ್ರೆಗೆ ಹೊರಡುವ ವಿವೇಕಿಗಳು ಒಂದು ದಿನ ಶಾಂತ ನೀರಿನಲ್ಲಿ ಒಂದು ಬೆಂಡನ್ನು ಎಸೆದು, 'ನಾನು ಬಿದ್ದೆ, ಈಗ ನೀನೇ ಎಲ್ಲ ಮಾಡು' ಎಂದು ಸುಮ್ಮನೆ ಕೂತುಬಿಡುತ್ತಾರೆ. ಆಮೇಲೆ ಇನ್ನೊಬ್ಬರ ಸರದಿ. ಸಾವಿರ ಮೈಲಿಯ ಸಿದ್ಧತೆಯಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಆ ಇಬ್ಬರ ಮುಂದಿನ ಪ್ರಶ್ನೆ ಇದೇ: ನಾನಿಲ್ಲದ ಹೊತ್ತಿನಲ್ಲಿ ನೀನು ದೋಣಿ ನಡೆಸಬಲ್ಲೆಯಾ? ನೀನಿಲ್ಲದ ಹೊತ್ತಿನಲ್ಲಿ ನಾನು?

ಈಗ ನಿಮ್ಮ ಮನೆಗೆ ಬನ್ನಿ. ಬ್ಯಾಂಕಿನ ಪಾಸ್‌ಬುಕ್ಕು, ವಿಮೆಯ ಕಾಗದ, ಸೊಸೈಟಿಯ ಬಿಲ್ಲು ಅಪ್ಪನ ಬೀರುವಿನಲ್ಲಿ. ಒಲೆ, ಔಷಧಿಯ ಹೊತ್ತು, ನೆಂಟರ ಫೋನು ಅಮ್ಮನ ತಲೆಯಲ್ಲಿ. ನನಗೆ ಪರಿಚಯದ ಒಂದು ಮನೆಯಲ್ಲಿ ಯಜಮಾನರು ಇಪ್ಪತ್ತು ದಿನ ಆಸ್ಪತ್ರೆಯಲ್ಲಿ ಮಲಗಿದರು. ಮೂವತ್ತು ವರ್ಷ ಸಂಸಾರ ನಡೆಸಿದ ಆಕೆಗೆ ಹಣ ಯಾವ ಬ್ಯಾಂಕಿನಲ್ಲಿದೆ ಎಂಬುದು ತಿಳಿದಿರಲಿಲ್ಲ. ದಡ್ಡರಲ್ಲ, ಕೇಳುವ ಪ್ರಸಂಗ ಬಂದಿರಲಿಲ್ಲ. ಇದರ ಉಲ್ಟಾ ಕಥೆಗಳೂ ನಿಮಗೆ ಗೊತ್ತು. ಅಮ್ಮ ಊರಿಗೆ ಹೋದ ವಾರ ಒಂದು ಸಾರು ಮಾಡಲಾರದೆ ಬ್ರೆಡ್ಡು ತಿಂದುಕೊಂಡಿರುವ ಅಪ್ಪಂದಿರು ನಮ್ಮಲ್ಲಿ ಕಡಿಮೆಯೇ?

ನಿಮ್ಮ ಪಾಲಿನ ಲೆಕ್ಕವೂ ಒಂದಿದೆ. ಊರಿನ ಜಮೀನಿನ ಪಹಣಿ ಕನ್ನಡದಲ್ಲಿದೆ. ದೊಡ್ಡಪ್ಪನ ಕಾಗದ ಕನ್ನಡದಲ್ಲಿದೆ. ಅಜ್ಜಿಗೆ ಬರುವುದು ಕನ್ನಡ ಒಂದೇ. ಅದನ್ನೆಲ್ಲ ಓದಬಲ್ಲವರು, ಮಾತನಾಡಬಲ್ಲವರು ನಿಮ್ಮ ಮನೆಯಲ್ಲಿ ಎಷ್ಟು ಜನ? 'ಅಪ್ಪ ನೋಡಿಕೊಳ್ಳುತ್ತಾರೆ, ಅಮ್ಮ ಮಾತಾಡುತ್ತಾಳೆ' ಎಂದು ನೀವು ಚುಕ್ಕಾಣಿಯಿಂದ ದೂರ ಕೂತಿದ್ದರೆ, ಒಂದು ದಿನ ಅದು ನಿಮ್ಮ ಕೈಗೆ ಬಂದಾಗ ಹಿಡಿಯುವುದು ಹೇಗೆ?

ಉಪದೇಶ ಸಾಕು. ಒಂದು ಕೆಲಸ ಕೊಡುತ್ತೇನೆ, ದೊಡ್ಡದೇನಲ್ಲ. ಬರುವ ಭಾನುವಾರ ಮನೆಯವರೆಲ್ಲ ಒಂದು ಗಂಟೆ ಕೂತು ಕೆಲಸ ಅದಲುಬದಲು ಮಾಡಿಕೊಳ್ಳಿ. ಅಮ್ಮ ಬೀರು ತೆರೆದು ಕಾಗದ ನೋಡಲಿ. ಅಪ್ಪ ಒಗ್ಗರಣೆ ಹಾಕಲಿ. ನೀವು ಪಹಣಿಯನ್ನೋ ಹಳೆಯ ಪತ್ರವನ್ನೋ ಗಟ್ಟಿಯಾಗಿ ಓದಿ. ತಡವರಿಸಿದರೆ ಪಕ್ಕದಲ್ಲಿ ಹೇಳಿಕೊಡುವವರಿದ್ದಾರೆ. ನೀರು ಶಾಂತವಾಗಿರುವಾಗಲೇ ಕಲಿಯುವುದು ಸುಲಭ. ಒಗ್ಗರಣೆ ಸೀದರೆ, ಓದು ತಪ್ಪಿದರೆ ನನಗೊಂದು ಪತ್ರ ಬರೆಯಿರಿ. ಕನ್ನಡದಲ್ಲಿಯೇ ಬರೆಯಿರಿ.

ಮುಂದಿನ ಸಂಚಿಕೆಯಲ್ಲಿ ಬೇರೊಂದು ದಾರಿ ಹಿಡಿಯೋಣ.